ರಾಕ್ಷಸನಿಗೆ ಮಾವನ ಮುಖ

ಆಳಂದದ ಜವಳಿ ವ್ಯಾಪಾರಿ ಶಾಂತಲಿಂಗಪ್ಪ ೧೯೪೮ರ ಬೇಸಿಗೆಯಲ್ಲಿ ಒಂದು ಭೀಷ್ಮಪ್ರತಿಜ್ಞೆ ಮಾಡಿದ. ನಿಜಾಮನ ಕಡೆಯ ರಜಾಕಾರರ ಗದ್ದಲಕ್ಕೆ ಅಂಗಡಿ ಮುಚ್ಚಿತ್ತು. ಇಜೇರಿಯ ಮಾವ ದೊಡ್ಡಪ್ಪಗೌಡರು ಒಂದು ದಪ್ಪ ಕಾದಂಬರಿ ಕಳಿಸಿ, “ಓದಿರ್ರಿ, ಬಂದಾಗ ಕಥಿ ಕೇಳ್ತೇನಿ” ಎಂದು ಹೇಳಿಕಳಿಸಿದ್ದರು.

“ಮಾವಾರು ಬರೂದರೊಳಗ ಓದಿ ಮುಗಸ್ತೇನಿ. ಇಂಥವು ಹತ್ತು ಪುಸ್ತಕ ನುಂಗಿ ನೀರು ಕುಡಿಯೋ ಗಂಡಸು ನಾ” ಎಂದು ಹೆಂಡತಿ ಶಾರದಾಬಾಯಿಯ ಮುಂದೆ ಮೀಸೆ ತಿರುವಿದ.

ಪುಸ್ತಕ ಗಂಟಲಲ್ಲಿ ಇಳಿಯಲಿಲ್ಲ. ಅದರೊಳಗೆ ಹಾರುವ ಕುದುರೆ, ಏಳು ಸಮುದ್ರ ದಾಟುವ ರಾಜಕುಮಾರ, ಮಾಟಗಾತಿ, ಗುಹೆಯ ರಾಕ್ಷಸ. ರಾಜಕುಮಾರನಿಗೆ ಹಸಿವಿಲ್ಲ, ಬೆವರಿಲ್ಲ. ಅವನು ಬದುಕಿದರೇನು, ಸತ್ತರೇನು? ಶಾಂತಲಿಂಗಪ್ಪ ಪುಟ ತಿರುವಿದ್ದಕ್ಕಿಂತ ಮಗ್ಗಲು ತಿರುವಿ ನಿದ್ದೆ ಹೋದದ್ದೇ ಹೆಚ್ಚು.

“ಮಂದಿ ಯಾರೂ ಗುರ್ತ ಹತ್ತವಲ್ರು ನೋಡು” ಎಂದು ಹೆಂಡತಿಗೆ ದೂರಿದ.

ಶಾರದಾಬಾಯಿ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಗುರ್ತಿನವರ ಮಾರಿ ಹಚ್ಚಿ ಓದ್ರಿ. ನಮ್ಮವ್ವ ಹಂಗೇ ಕಥಿ ಹೇಳ್ತಿದ್ಲು.”

ಶಾಂತಲಿಂಗಪ್ಪ ಹಾಗೇ ಮಾಡಿದ. ಮಾಟಗಾತಿಗೆ ಪಕ್ಕದ ಮನೆಯ ನಿಂಬೆವ್ವನ ಮುಖ ಹಚ್ಚಿದ. ರಾಕ್ಷಸನ ಗುಡುಗಿನ ದನಿ, ಗಿರಿಜಾ ಮೀಸೆ ಓದಿದೊಡನೆ ಮಾವನ ಮುಖ ತಾನಾಗಿಯೇ ಬಂದು ಕೂತಿತು. ಏನು ಮಾಯೆಯೋ! ಸತ್ತಂತಿದ್ದ ಅಕ್ಷರಗಳು ಎದ್ದು ಓಡಾಡತೊಡಗಿದವು. ಅವನು ಬಾಯಿ ತೆರೆದುಕೊಂಡು ಓದಿದ. ಊಟಕ್ಕೆ ಕರೆದರೆ ಕೇಳಿಸಲಿಲ್ಲ.

ಮರುದಿನ ಮುಂಜಾನೆ ಗುಹೆಯಲ್ಲಿ ರಾಕ್ಷಸನಿಗೆ ಬಾಣ ನಟ್ಟಿತು. “ಗುಟುಕು ನೀರು ಕೊಡಿ” ಎಂದು ಅವನು ಬೇಡಿದ. ಯಾರೂ ಕೊಡಲಿಲ್ಲ. ಶಾಂತಲಿಂಗಪ್ಪನ ಎದೆ ಒಡೆಯಿತು. ಪುಸ್ತಕ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತ.

ಶಾರದಾಬಾಯಿ ಓಡಿ ಬಂದಳು. “ಏನಾತ್ರಿ?”

“ಮಾವಾರು ಹೋಗಿಬಿಟ್ರು. ನೀರು ನೀರು ಅಂತ ಪ್ರಾಣ ಬಿಟ್ರು.”

ದಾರಿಯಲ್ಲಿ ಯಾರಿಗೆ ಏನಾಗುವುದೋ ತಿಳಿಯದ ದಿನಗಳು ಅವು. ಶಾರದಾಬಾಯಿ ಒಂದೇ ಸಲ ಚೀರಿ ಕುಸಿದಳು. ಗಳಿಗೆಯೊಳಗೆ ಓಣಿಯೆಲ್ಲ ಪಡಸಾಲೆ ತುಂಬಿತು. ನಿಂಬೆವ್ವ ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

“ಅಯ್ಯ, ಪುಸ್ತಕದಾಗ ಸತ್ತಾರ, ಪುಸ್ತಕದಾಗ” ಎಂದು ಶಾಂತಲಿಂಗಪ್ಪ ಕೂಗಿದ.

“ಪಾಪ, ದುಃಖಕ್ಕ ತಲಿ ತಿರಗೇದ. ಹಿಡಕೋರಿ” ಎಂದರು ಹಿರಿಯರು. ಇಬ್ಬರು ಅವನನ್ನು ಕಂಬಕ್ಕೆ ಒತ್ತಿ ಕೂರಿಸಿದರು.

ಅಷ್ಟರಲ್ಲಿ ಬಾಗಿಲಿಗೆ ಒಂದು ಬಂಡಿ ಬಂದು ನಿಂತಿತು. ಮಗಳನ್ನು ನೋಡಲು ಬಂದ ದೊಡ್ಡಪ್ಪಗೌಡರು ಇಳಿದರು. ಗೋಳು ಕೇಳಿ ಹೊಸ್ತಿಲಲ್ಲಿದ್ದ ಮುದುಕಿಯನ್ನು ಕೇಳಿದರು: “ಯಾರು ಹೋದ್ರವ್ವಾ?”

“ಶಾರದಾಬಾಯಿ ಅಪ್ಪರಿ. ಭಾಳ ದೊಡ್ಡ ಮನಷ್ಯಾ ಅಂತ.”

ಗೌಡರು ರುಮಾಲು ತೆಗೆದು ಮಂದಿಯ ಹಿಂದೆ ಸುಮ್ಮನೆ ಕೂತರು. “ಬಂದವರನ್ನ ಬರಿಗೈಲೆ ಕಳಸದ ಧಣಿ, ಬೈದ್ರೂ ಬೆನ್ನ ಸವರುವ ತಂದಿ” ಎಂದು ನಿಂಬೆವ್ವ ಅಳುತ್ತಿದ್ದಳು. ಗೌಡರು ದೇವರ ಮುಂದೆ ಕೂತವರಂತೆ ಕೇಳಿದರು. ಅವರ ಮೀಸೆ ತೊಯ್ದಿತ್ತು.

ಶಾರದಾಬಾಯಿ ತಲೆ ಎತ್ತಿ ನೋಡಿದಳು. “ಅಪ್ಪಾ!”

ಅಳು ತಟ್ಟನೆ ನಿಂತಿತು.

“ಯಾಕ ನಿಲ್ಲಸಿದ್ರಿ? ಹಾಡ್ರಿ” ಎಂದರು ಗೌಡರು. “ಇಂಥಾ ಮಾತು ನನಗ ಇಲ್ಲೀತನಾ ಯಾರೂ ಅಂದಿದ್ದಿಲ್ಲ.”

ಮಗಳು ಅವರ ಕೈ ಹಿಡಿದು ನಗುತ್ತ ಅತ್ತಳು, ಅಳುತ್ತ ನಕ್ಕಳು. ಶಾಂತಲಿಂಗಪ್ಪ ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದ. ಗೌಡರು ಅಳಿಯನ ಕಡೆ ತಿರುಗಿ ಕೂತರು.

“ರಾಕ್ಷಸ ನಾನು?”

“ಹೌದ್ರಿ.”

“ಅವ ಸತ್ತಾಗ ಕಥ್ಯಾಗ ಯಾರ್ಯಾರು ಅತ್ರು?”

“ಯಾರೂ ಇಲ್ಲರಿ. ನಾ ಒಬ್ಬನೇ.”

ಗೌಡರು ಅಳಿಯನ ಹೆಗಲ ಮೇಲೆ ಕೈಯಿಟ್ಟರು. “ಅಷ್ಟು ಇನ್ನೊಮ್ಮಿ ಓದ್ರಿ, ಅಳಿಯಂದ್ರ.”

ಅಳಲು ಬಂದವರು ಕಥೆ ಕೇಳಲು ಕೂತರು. ಶಾಂತಲಿಂಗಪ್ಪ ಓದಿದ. ರಾಕ್ಷಸ ನೀರು ಬೇಡಿದಾಗ ನಿಂಬೆವ್ವ ಎರಡನೆಯ ಸಲ ಅತ್ತಳು.

ಕಣ್ಣೊರೆಸಿಕೊಂಡು ಗೌಡರು ಕೇಳಿದರು: “ಮತ್ತ ಆ ರಾಜಕುಮಾರಗ ಯಾರ ಮಾರಿ ಹಚ್ಚಿದ್ರಿ?”

ಶಾಂತಲಿಂಗಪ್ಪ ಮೆಲ್ಲಗೆ ಮೀಸೆ ಸವರಿದ. “ನಂದೇರಿ.”

“ಅದಕ್ಕ ನೋಡಪ್ಪಾ” ಎಂದಳು ಶಾರದಾಬಾಯಿ, “ಕುದರಿ ಹಾರೂ ಮೊದಲ ರಾಜಕುಮಾರ ಗೊರಕಿ ಹೊಡಿತಿದ್ದ.”