ನೆಟ್ಟಗೆ ನಿಲ್ಲಲು ಒಂದು ಬಸ್ಸು

ನನ್ನ ಹಳೇ ಗೆಳೆಯ ವರ್ಲಿನ್ ಸ್ಟೋರ್ಡಾಲ್ ಮಂಗಳವಾರ ತೀರಿಕೊಂಡ. ಹೃದಯಾಘಾತ. ಆರಡಿ ನಾಲ್ಕಂಗುಲದ ಮನುಷ್ಯ. ಶವಪೆಟ್ಟಿಗೆಗೆ ಅಳತೆ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಆರ್ಡಿಸ್ ತಡೆದಳು. "ನೀವು ಸುಮ್ನಿರಿ. ಅವನಿಗೆ ನೀವು ಒಂದ್ಸಲ ಅಳತೆ ನೋಡಿದ್ದೇ ಸಾಕು!"

ಅವಳು ಹೇಳಿದ್ದು ಬಸ್ಸಿನ ವಿಷಯ.

ತನ್ನ ಹೆಂಡತಿ ಗ್ಲೆನಿಸ್ ತೀರಿಹೋದಮೇಲೆ ವರ್ಲಿನ್ ಹೊಲದ ಮನೆಯನ್ನು ಮಾರಿಬಿಟ್ಟ. ಅದನ್ನು ಕಟ್ಟಿದ ಅವನ ಅಜ್ಜ ನನ್ನ ಹಾಗೆ ಕುಳ್ಳ. ಮೀಸೆ ಮೂಡಿದಾಗಿನಿಂದ ವರ್ಲಿನ್ ಆ ಮನೆಯ ಪ್ರತಿ ಬಾಗಿಲಿಗೂ ತಲೆಬಾಗಿಕೊಂಡೇ ಓಡಾಡಿದವನು. ಈಗ ಹಳೆಯ ಶಾಲಾ ಬಸ್ಸೊಂದನ್ನು ಕೊಂಡು, ರಸ್ತೆಬದಿಯ ತನ್ನ ತುಂಡು ಜಾಗದಲ್ಲಿ ನಿಲ್ಲಿಸಿ, ಅದರಲ್ಲೇ ಸಂಸಾರ ಹೂಡುತ್ತೇನೆಂದ.

"ಎಲ್ರಾಯ್, ನಂಗೆ ಬೇರೇನೂ ಬೇಡ. ನೆಟ್ಟಗೆ ನಿಂತ್ಕೊಂಡು ಕಾಫಿ ಕಾಸ್ಕೊಳ್ಳೋ ಹಾಗಿರ್ಬೇಕು. ಅಷ್ಟೇ ಕಣೋ."

"ನನಗೆ ಬಿಡು!" ಎಂದೆ ಎದೆ ತಟ್ಟಿಕೊಂಡು. "ಇಡೀ ಮಿನ್ನೆಸೋಟದಲ್ಲಿ ನನ್ನ ಹಾಗೆ ಬಸ್ಸು ಆರಿಸೋನು ಇನ್ನೊಬ್ಬ ಇದ್ರೆ ತೋರ್ಸು!"

ನಮ್ಮ ಕಡೆ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಆ ಉಪ್ಪು ವಾಹನಗಳ ಹೊಟ್ಟೆಯನ್ನು ತಿಂದುಹಾಕುತ್ತದೆ. ಹಾಗಾಗಿ ನಾವು ಗಾಡಿ ನೋಡುವುದೇ ಕೆಳಗಿನಿಂದ. ಹಳೆಯ ಬಸ್ಸುಗಳ ಅಂಗಳಕ್ಕೆ ಹೋದವರೇ ನಾನೂ ವರ್ಲಿನ್ನೂ ಅಂಗಾತ ಮಲಗಿ, ಒಂದೊಂದು ಬಸ್ಸಿನಡಿಗೂ ತೆವಳಿದೆವು. ನನ್ನ ಕೈಯಲ್ಲಿ ಸುತ್ತಿಗೆ, ಅವನ ಕೈಯಲ್ಲಿ ಅಯಸ್ಕಾಂತ. ಠಣ್ ಎಂದರೆ ಗಟ್ಟಿ, ಠುಸ್ ಎಂದರೆ ತುಕ್ಕು! ಕೊನೆಗೆ ಒಂದು ಸಿಕ್ಕಿತು ನೋಡಿ! ಎಂಥ ಹೊಟ್ಟೆ! ತುಕ್ಕಿನ ಒಂದು ಚುಕ್ಕೆಯಿಲ್ಲ. ನನಗೆ ಕಣ್ಣು ತುಂಬಿಬಂತು.

ಅಂಗಳದ ಒಡತಿ ಬಗ್ಗಿ ನಮ್ಮ ನಾಲ್ಕು ಬೂಟುಗಳ ಜೊತೆ ಮಾತಾಡಿದಳು. "ಒಳಗೂ ಒಂದ್ಸಲ ನಿಂತು ನೋಡಿ. ಇದರ ಸೂರು ತಗ್ಗು. ಪಕ್ಕದ್ದು ಎತ್ತರ."

"ಪಕ್ಕದ್ದು ಠುಸ್ ಅಂತು ಕಣಮ್ಮಾ! ಬಸ್ಸು ಕೊಳೆಯೋದು ಕೆಳಗಿಂದ, ಮೇಲಿಂದಲ್ಲ!"

ವರ್ಲಿನ್ನನ ಮಂಡಿ ಹಿಡಿದುಕೊಂಡಿತ್ತು. "ನೀನೇ ನೋಡ್ಬಿಡೋ. ನಿನ್ ಕಣ್ಣು ಬೇರೆ, ನನ್ ಕಣ್ಣು ಬೇರೆಯೇ?" ಎಂದ.

ಕಣ್ಣು ಬೇರೆಯಲ್ಲ, ಎತ್ತರ ಬೇರೆ! ಅದು ಆ ಗಳಿಗೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ನಾನು ಒಳಗೆ ಹೋದೆ, ನಿಂತೆ, ಟೋಪಿ ಹಾಕಿಕೊಂಡು ಕುಪ್ಪಳಿಸಿಯೂ ನೋಡಿದೆ. "ಅರಮನೆ ಕಣೋ!" ಎಂದು ಕಿಟಕಿಯಿಂದ ಕೂಗಿದೆ.

ಬಾಗಿಲಿಗೆ ಅಭ್ಯಾಸದಂತೆ ತಲೆಬಾಗಿ ಹತ್ತಿ, ಅವನೇ ಓಡಿಸಿಕೊಂಡು ಬಂದ. ಕೂತಿದ್ದಷ್ಟು ಹೊತ್ತೂ ಅರಮನೆಯೇ. ಮನೆ ಕೊಂಡವರಿಗೆ ಕಿಟಕಿಯಿಂದಲೇ ಬೀಗದ ಕೈ ಕೊಟ್ಟು ಬಂದು, ಬಸ್ಸನ್ನು ಜಾಗದಲ್ಲಿ ನಿಲ್ಲಿಸಿ, ಗೃಹಪ್ರವೇಶ ಮಾಡುವವನ ಗತ್ತಿನಲ್ಲಿ ಸೀಟಿನಿಂದ ಎದ್ದ.

ಢಬ್!

ಆ ಸದ್ದು ಮಾತ್ರ ಬಲು ಗಟ್ಟಿಯಾಗಿತ್ತು. ಸೂರಿಗೂ ತುಕ್ಕಿರಲಿಲ್ಲ.

"ನಿಂತು ನೋಡಿದ್ರೇನ್ರೀ?" ಎಂದಳು ಆರ್ಡಿಸ್.

"ನೋಡ್ದೆ ಕಣೇ. ಬೇಕಾದಷ್ಟು ಜಾಗ ಇತ್ತು!"

"ನೀವು ನಿಂತ್ರೆ ನಮ್ಮ ಕೋಳಿಗೂಡಲ್ಲೂ ಬೇಕಾದಷ್ಟು ಜಾಗ!"

ವರ್ಲಿನ್ ಹಣೆ ಉಜ್ಜಿಕೊಂಡು, ಬಗ್ಗಿಕೊಂಡೇ ಸಾಮಾನು ಜೋಡಿಸತೊಡಗಿದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹಳೇ ಮನೆ ಕೈಬಿಟ್ಟಿತ್ತು, ಹೊಸ ಮನೆಯಲ್ಲೂ ತಲೆಬಾಗುವ ಯೋಗವೇ. ಮರುದಿನದಿಂದ ಅವನ ಬಸ್ಸಿನ ಮುಂದೆ ಹಾಯುವಾಗ ನಾನು ಟ್ರಕ್ಕಿನಲ್ಲಿ ತಲೆ ತಗ್ಗಿಸಿ, ಸ್ಟೀರಿಂಗಿನ ಹಿಂದೆ ಮುದುಡಿಕೊಂಡು ಹೋಗತೊಡಗಿದೆ.

ಒಂದು ಬೆಳಿಗ್ಗೆ ಹಾಗೆಯೇ ಹೋಗುತ್ತಿದ್ದಾಗ, ಬಸ್ಸಿನ ಪಕ್ಕೆಯಿಂದ 'ನಿಲ್ಲಿ' ಎನ್ನುವ ಕೆಂಪು ಫಲಕ ಟಪ್ಪೆಂದು ಹೊರಗೆ ಚಾಚಿಕೊಂಡಿತು! ಶಾಲೆಯ ಹಳದಿ ಬಸ್ಸಿನ ಫಲಕ ಹೊರಬಂತೆಂದರೆ ಮಕ್ಕಳು ಇಳಿಯುತ್ತಿದ್ದಾರೆಂದು ಅರ್ಥ. ನಮ್ಮೂರಲ್ಲಿ ಮದುವೆ ದಿಬ್ಬಣವೂ ನಿಲ್ಲುತ್ತದೆ, ಹೆಣದ ಗಾಡಿಯೂ ನಿಲ್ಲುತ್ತದೆ. ಅಭ್ಯಾಸಬಲ, ನನ್ನ ಕಾಲು ತಾನಾಗಿ ಬ್ರೇಕು ಒತ್ತಿತು. ಎದುರಿನಿಂದ ಬಂದ ಪಾದ್ರಿಗಳ ಕಾರೂ ನಿಂತಿತು. ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದೆವು. ಇಳಿದದ್ದು ಹಣೆಯ ಮೇಲೆ ಬುಗುಟು ಹೊತ್ತ ಒಂದೇ ಒಂದು ಉದ್ದನೆಯ ಮಗು!

"ಡ್ರೈವರೇ ಇಲ್ದೆ ಟ್ರಕ್ಕು ಹೋಗ್ತಿದೆ ಅಂದ್ರೆ ಒಳಗೆ ನೀನೇ ಅಂತ ಗೊತ್ತಾಗ್ದೇ ಇರುತ್ತೇನೋ ಎಲ್ರಾಯ್? ಬಾ, ಕಾಫಿ ಆರತ್ತೆ."

ಒಳಗೆ ಹೋದರೆ, ಸೂರಿನಲ್ಲಿದ್ದ ತುರ್ತು ಕಿಂಡಿಯನ್ನು ತೆರೆದಿಟ್ಟು, ಒಲೆಯನ್ನು ಅದರ ನೇರ ಕೆಳಗೇ ಹೂಡಿದ್ದ. ಅಲ್ಲಿ ನಿಂತು ಬೆನ್ನು ನೆಟ್ಟಗೆ ಮಾಡಿದ. ಭುಜದಿಂದ ಕೆಳಗೆ ಅಡುಗೆಮನೆಯಲ್ಲಿ, ಭುಜದಿಂದ ಮೇಲೆ ಬಯಲಲ್ಲಿ!

"ಸಕ್ಕರೆ ಎಷ್ಟೋ?" ಎಂದು ಮಾತು ಆಕಾಶದಿಂದ ಬಂತು.

"ಹಿಮ ಬಿದ್ರೆ ಏನ್ ಮಾಡ್ತೀಯಪ್ಪಾ?"

"ಕಿವಿ ಮುಚ್ಚೋ ಟೋಪಿ ಇದೆ. ಲೋ, ಈ ಊರಲ್ಲಿ ನನ್ ಮನೆಯಷ್ಟು ಎತ್ತರದ ಸೂರು ಯಾರಿಗಿದೆ ತೋರ್ಸು!"

ಅಲ್ಲಿಂದ ಅದೇ ಪದ್ಧತಿಯಾಯಿತು. ಬಣ್ಣ ಬದಲಿಸಬೇಕು, ಫಲಕ ಕಿತ್ತುಹಾಕಬೇಕು ಎಂಬ ಕಾನೂನನ್ನು ಯಾರಾದರೂ ನೆನಪಿಸಿದರೆ "ಮುಂದಿನ ವಾರ" ಎನ್ನುತ್ತಿದ್ದ. ದಿನಾ ಬೆಳಿಗ್ಗೆ ಕಿಂಡಿಯಿಂದ ನನ್ನ ಟ್ರಕ್ಕನ್ನು ಕಾಣುತ್ತಿದ್ದ, ಫಲಕ ಚಾಚುತ್ತಿದ್ದ. ನಾನು ಸಿಕ್ಕಿಬೀಳುತ್ತಿದ್ದೆ.

ಆ ಮಂಗಳವಾರ ಬೆಳಿಗ್ಗೆಯೂ ಚಾಚಿದ. ನನ್ನ ಪಕ್ಕದಲ್ಲಿ ಆರ್ಡಿಸ್ ದವಡೆ ಹಿಡಿದುಕೊಂಡು ಕೂತಿದ್ದಳು. ನಮ್ಮ ಹಿಂದೆ ಹಾಲಿನ ಲಾರಿ ಬಂದು ನಿಂತಿತು.

"ವರ್ಲಿನ್, ಇವತ್ತೊಂದಿನ ಬಿಟ್ಬಿಡಪ್ಪಾ! ಹಲ್ಲು ಕೀಳಿಸ್ಕೊಳ್ಳೋಕೆ ಹೋಗ್ತಿದೀನಿ!" ಎಂದು ಅವಳು ಕೂಗಿದಳು.

"ಕಾಫಿ ಕಾದಿದೆಯಲ್ಲಮ್ಮಾ!" ಎಂದಿತು ಸೂರಿನ ಮೇಲಿನ ತಲೆ.

"ಸಂಜೆ ಬರ್ತೀವೋ!" ಎಂದೆ ನಾನು, ಮುದುಡಿಕೊಂಡೇ. ಅಭ್ಯಾಸ ಹೋಗಿರಲಿಲ್ಲ.

"ಸರಿ, ಹೋಗ್ಬನ್ನಿ. ಲೋ ಎಲ್ರಾಯ್, ಇನ್ನಾದ್ರೂ ತಲೆ ಎತ್ಕೊಂಡು ಓಡ್ಸೋ! ರಸ್ತೆ ಕಾಣ್ಬೇಕಲ್ಲ!"

ಹಾಗೆಂದು ನಗುತ್ತಾ ಕಿಂಡಿಯಿಂದ ತಲೆಯನ್ನು ಒಳಗೆಳೆದುಕೊಂಡ. ಬಗ್ಗಿಕೊಂಡೇ ಡ್ರೈವರನ ಸೀಟಿನವರೆಗೆ ನಡೆದು ಹೋದ. ಕೆಂಪು ಫಲಕವನ್ನು ಮಡಚಿ, ನಮಗೆ ದಾರಿ ಬಿಟ್ಟ.