ಬಿಯರಿಗೆ ಒದ್ದೆ ಸೀರೆ

ಸಮನ್ವಿ, ಗೌತಮ, ನಿಮ್ಮ ಅಜ್ಜಿಯ ಮಾತು ಕೇಳಿ. ದಿಗಿಲಾದಾಗ ಕೆಲವರು ದೇವರ ಮುಂದೆ ಕೂರುತ್ತಾರೆ, ಕೆಲವರು ಫೋನಿನ ಮುಂದೆ. ನಾನು ಬಿಯರಿನ ಬಕೆಟ್ಟಿನ ಮುಂದೆ ಕೂತವಳು. ಹಳ್ಳಿಯ ಶಾಲೆಯಲ್ಲಿ ಓದಿದವಳು, ಅಳಿಯನ ಎದುರು ಇವತ್ತಿಗೂ ಕುರ್ಚಿಯಲ್ಲಿ ಕೂರದವಳು, ಆ ಸ್ಥಿತಿಗೆ ಹೇಗೆ ಬಂದೆನೆಂದು ನಿಮಗೆ ತಿಳಿದಿರಲಿ.

ಕೊರೋನಾ ಬಂದು ವಿಮಾನಗಳು ನಿಂತಾಗ ನಾನು ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನ ನಿಮ್ಮ ಮನೆಯಲ್ಲೇ ಉಳಿದೆ. ನಿಮ್ಮಮ್ಮ ಡಾಕ್ಟರು, ಸೋಂಕು ಮನೆಗೆ ತರಬಾರದೆಂದು ಆಸ್ಪತ್ರೆಯ ಹತ್ತಿರವೇ ರೂಮು ಮಾಡಿಕೊಂಡಿದ್ದಳು. ಪಬ್ಬುಗಳು ಮುಚ್ಚಿದ್ದರಿಂದ ನಿಮ್ಮಪ್ಪ ಮನೆಯಲ್ಲೇ ಬಿಯರು ಮಾಡಲು ಹೊರಟರು. ಅವರಿಗೆ ಇಷ್ಟವಾದ ಲಾಗರ್ ಎಂಬ ಬಿಯರು ಹುದುಗಲು ವಾರಗಟ್ಟಲೆ ಫ್ರಿಜ್ಜಿನ ತಂಪು ಬೇಕಂತೆ. ನಮ್ಮ ಫ್ರಿಜ್ಜಿನಲ್ಲಿ ಮೊಸರಿಗೇ ಜಾಗ ಸಾಲದು. ಅದಕ್ಕೆ ಏಲ್ ಎಂಬ ಇನ್ನೊಂದು ಬಿಯರಿನ ಯೀಸ್ಟನ್ನು ಹಾಕಿ, ಆದಷ್ಟು ತಣ್ಣಗಿಟ್ಟು, ಲಾಗರಿನಂಥದ್ದನ್ನು ಮಾಡುವುದೆಂದಾಯಿತು. ಬೆಚ್ಚಗಾದರೆ ಬಾಳೆಹಣ್ಣಿನ ವಾಸನೆ ಬಂದು ಕೆಡುತ್ತದಂತೆ. ದೋಸೆಹಿಟ್ಟು ಹುಳಿ ಬರಲೆಂದು ಬಿಸಿನೀರಿನ ಟ್ಯಾಂಕಿರುವ ಕಪಾಟಿನಲ್ಲಿಟ್ಟು ಶಾಲು ಹೊದಿಸುವ ನನಗೆ, ತಣ್ಣಗಿಟ್ಟು ಹುದುಗಿಸುವುದು ಎಳೆಮಗುವನ್ನು ಅಂಗಳದಲ್ಲಿ ಮಲಗಿಸಿದಂತೆ ಕಂಡಿತು.

ಬಿಯರು ಹುದುಗುವ ಬಕೆಟ್ಟನ್ನು ಹಿಂಬಾಗಿಲ ಬಳಿ ಇಟ್ಟ ಮರುದಿನವೇ ನಿಮ್ಮಪ್ಪನಿಗೆ ಕೊರೋನಾ ಬಂತು. ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ನಾನು ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ದೂರ ನಿಲ್ಲುತ್ತಿದ್ದೆ. ಒಳಗಿನಿಂದ ಮೊದಲು ಕೆಮ್ಮು, ಆಮೇಲೆ ಮಾತು.

"ಅತ್ತೆ, ಬಕೆಟ್ ಹತ್ರ ಒಂಚೂರು ಮೂಸಿ ನೋಡ್ತೀರಾ? ನಂಗೆ ವಾಸ್ನೇನೇ ಗೊತ್ತಾಗ್ತಿಲ್ಲ."

"ನಾನಾ?"

"ಮುಚ್ಚಳದ ಕೊಳವೆ ಹತ್ರ ಮೂಗಿಟ್ರೆ ಸಾಕು. ಕುಡಿಯೋದೇನ್ ಬೇಡ."

ಮೂಸಿದೆ. ಹಸಿ ಬ್ರೆಡ್ಡಿನ ವಾಸನೆ. ಆದರೆ ಆ ವಾರ ಐರ್ಲೆಂಡಿಗೆ ಎಲ್ಲೂ ಇಲ್ಲದ ಬಿಸಿಲು ಬಂತು. ಬೇಸಿಗೆಯಲ್ಲಿ ನೀರಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತುವ ಹಾಗೆ ನನ್ನ ಹಳೇ ಹತ್ತಿ ಸೀರೆಯನ್ನು ನೆನೆಸಿ ಬಕೆಟ್ಟಿಗೆ ಉಡಿಸಿದೆ. ಗೌತಮ, ನೀನು ಅದನ್ನು ನೋಡಿ, "ಅಜ್ಜಿ, ಇಟ್ ಲುಕ್ಸ್ ಲೈಕ್ ಯೂ" ಅಂದೆ. ಸಮನ್ವಿ, ನೀನು ಅದಕ್ಕೆ ಕುಂಕುಮ ಇಡಲು ಹೋಗಿದ್ದೆ.

ನಿಮ್ಮಮ್ಮ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: "ಅಮ್ಮ, ಅವ್ರನ್ನ ಮಾತಾಡಿಸ್ತಿರು. ಉದ್ದ ಮಾತು ಒಂದೇ ಉಸಿರಲ್ಲಿ ಮುಗಿಸ್ತಾರಾ ನೋಡು. ತುಂಡು ತುಂಡಾದ್ರೆ ತಕ್ಷಣ ಹೇಳು."

ನಿಮ್ಮಮ್ಮನ ಮದುವೆಯಾದಾಗಿನಿಂದ "ಊಟಕ್ಕೆ ಏಳಿ" ಎಂಬುದರಾಚೆ ನಾನು ಅಳಿಯನ ಜೊತೆ ಮಾತಾಡಿದವಳಲ್ಲ. ಏನೆಂದು ಮಾತಾಡಿಸಲಿ? ಕೊನೆಗೆ ಬಿಯರೇ ಕೈ ಹಿಡಿಯಿತು. ಬಾಗಿಲು ಮುಚ್ಚಿದ್ದರಿಂದ ನಾಚಿಕೆಯೂ ಕಡಿಮೆ. ಯೀಸ್ಟ್ ಏನು ತಿನ್ನುತ್ತದೆ, ಕೊಳವೆ ಯಾಕೆ ಗುಳುಗುಳು ಅನ್ನುತ್ತದೆ ಎಂದು ಕೇಳುವುದು. ಅವರು ವಿವರಿಸುವಾಗ ಅರ್ಥ ಬಿಟ್ಟು ಉಸಿರು ಆಲಿಸುವುದು.

ಒಂದು ಮಧ್ಯಾಹ್ನ ಏನು ಕೇಳಿದರೂ "ಹ್ಞೂಂ" ಅಷ್ಟೇ. ಬೆಳಗಿನ ತಟ್ಟೆ ಮುಟ್ಟದೆ ಹಾಗೇ ಇತ್ತು. ಫೋನು ಮಾಡಿದರೆ ನಿಮ್ಮಮ್ಮ ವಾರ್ಡಿನಲ್ಲಿದ್ದಳು, ಎತ್ತಲಿಲ್ಲ. ಬಾಗಿಲಿಗೆ ಬಾಯಿಟ್ಟು ಹೇಳಿಬಿಟ್ಟೆ:

"ಬಕೆಟ್ಟಿಂದ ಬಾಳೆಹಣ್ಣಿನ ವಾಸ್ನೆ ಬರ್ತಿದೆ ಕಣ್ರೀ."

ಮಂಚ ಕಿರುಗುಟ್ಟಿತು. "ಯಾವಾಗಿಂದ ಅತ್ತೆ, ಬಿಸಿಲು ಬೀಳೋ ಕಡೆ ಸರಿಸಿದ್ರಾ, ಆ ಬಟ್ಟೆ ಒಣಗೋಕೆ ಬಿಟ್ಟಿದ್ರಾ, ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ನೀವು?"

ಎಲ್ಲವೂ ಒಂದೇ ಉಸಿರಿನಲ್ಲಿ. ಅಳಿಯ ಗದರಿದ್ದು ಅಷ್ಟು ಇಂಪಾಗಿ ಯಾವ ಅತ್ತೆಗೂ ಕೇಳಿಸಿರಲಾರದು. ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ.

ಕೆಲವು ದಿನಗಳ ಮೇಲೆ ನಿಮ್ಮಪ್ಪ ಗುಣವಾಗಿ ಕೆಳಗೆ ಬಂದರು. ವಾಸನೆ, ರುಚಿ ಇನ್ನೂ ಮರಳಿರಲಿಲ್ಲ. ನನ್ನ ಮಾತು ನಂಬಿ, ಕೆಟ್ಟಿತೆಂದು ಬಿಯರನ್ನೆಲ್ಲ ಸಿಂಕಿಗೆ ಸುರಿದರು. ಹಸಿ ಬ್ರೆಡ್ಡಿನ ಒಳ್ಳೇ ವಾಸನೆ ಅಡುಗೆಮನೆ ತುಂಬ ಹರಡಿತು. ನಾನು ಹೇಳಿದ್ದು ಸುಳ್ಳು ಎನ್ನಲು ಪಕ್ಕದಲ್ಲಿದ್ದ ನನಗೆ ಬಾಯಿ ಬರಲಿಲ್ಲ. ನಡುವೆ ಬಾಗಿಲಿರಲಿಲ್ಲವಲ್ಲ. ಈಗಲೂ ಅವರು ಸ್ನೇಹಿತರಿಗೆ, ಏಲ್ ಯೀಸ್ಟನ್ನು ನಂಬಬೇಡಿ ಎನ್ನುತ್ತಾರೆ. ನಾನು ಒಳಗೆ ಹೋಗಿ ಇಲ್ಲದ ಪಾತ್ರೆ ತೊಳೆಯುತ್ತೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ನಿಮ್ಮಪ್ಪನಿಗೂ ತೋರಿಸಿ, ಆದರೆ ನಾನು ವಿಮಾನ ಹತ್ತಿದ ಮೇಲೆ.