ಮೋಟಾರಿಗೆ ಬಂದ ದೇವಿ

ಮೋಟಾರಿನ ಬಾಗಿಲ ಕೆಳಗೆ ಹುರುಳಿಕಾಳಿನಷ್ಟು ಬಣ್ಣ ಎದ್ದಿತ್ತು. ಸಂಜೀವಪ್ಪ ಅದನ್ನು ಉಗುರಿನಿಂದ ಕೆರೆಯದೆ ಸುಮ್ಮನಿರಬಹುದಿತ್ತು. ಕೆರೆದ. ಹಪ್ಪಳದಷ್ಟು ಉದುರಿ ಒಳಗಿನ ತುಕ್ಕು ಹಲ್ಲುಕಿರಿಯಿತು.

ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದ ಆ ಹಳೆಯ ಗಾಡಿಯೊಳಗೆ ಮಂಚ, ಸ್ಟವ್, ನೀರಿನ ತೊಟ್ಟಿ ಎಲ್ಲ ಇದ್ದವು. ಊರೂರಿಗೆ ಹೋಗಿ ದೇವಿ ಹಾಕುವುದು, ಅಂದರೆ ಸಿಡುಬು ಬಾರದಂತೆ ತೋಳಿಗೆ ಗೀರಿ ಲಸಿಕೆ ಹಾಕುವುದು, ಅದರ ಕೆಲಸ. ಊರವರಿಗೆ ಸಿಡುಬೆಂದರೆ ಮೈಮೇಲೆ ಬರುವ ದೇವಿ, ಅಮ್ಮ. ಸಂಜೀವಪ್ಪ ಅದರ ಡ್ರೈವರು, ಲಸಿಕೆ ಹಾಕುವವನು, ಒಬ್ಬನೇ ನಿವಾಸಿ. ಸಮೇತನಹಳ್ಳಿಗೆ ಬಂದು ತಿಂಗಳಾದರೂ ಒಬ್ಬರೂ ಅವನ ಮುಂದೆ ತೋಳು ಚಾಚಿರಲಿಲ್ಲ.

ಅದರ ಚಿಂತೆಯೂ ಅವನಿಗೆ ಅಷ್ಟಾಗಿ ಇರಲಿಲ್ಲ. ಆ ದಿನ ನಾಲ್ಕು ಗಂಟೆಗೆ ಅವನ ಮೇಲಧಿಕಾರಿ ಡಾಕ್ಟರು ಗಾಡಿ ನೋಡಲು ಬರುವವರಿದ್ದರು. ಗಾಡಿ ನಾಲ್ಕು ಜನ ನೋಡುವಂತಿದ್ದರೆ ಪಕ್ಕದ ತಾಲ್ಲೂಕಿನ ವಿಜಯಪುರಕ್ಕೆ ಕಳಿಸುತ್ತೇನೆ ಎಂದಿದ್ದರು. ವಿಜಯಪುರದಲ್ಲಿ, ಮದುವೆಯಾಗಿ ಮೂರೇ ತಿಂಗಳಾಗಿದ್ದ ಹೆಂಡತಿ ಲಕ್ಕಮ್ಮ ಕಾಯುತ್ತಿದ್ದಳು.

ಸಂಜೀವಪ್ಪ ಕೆನೆಬಣ್ಣದ ಡಬ್ಬಿ ತೆರೆಯುವಷ್ಟರಲ್ಲಿ ಎದುರುಮನೆಯ ಬೈಲಪ್ಪ ಜಗಲಿಯಿಂದ ಇಳಿದು ಬಂದ. ಒಮ್ಮೆ ಎತ್ತಿನಗಾಡಿಯ ಚಕ್ರಕ್ಕೆ ಬಣ್ಣ ಬಳಿದಿದ್ದ ಅವನು ಅಂದಿನಿಂದ ಪಂಡಿತ.

"ಹಂಗೇ ಬಳೀಬ್ಯಾಡ ಕಣಪ್ಪಾ. ತುಕ್ಕು ಒಳಗೊಳಗೇ ತಿಂತದೆ. ಕೆರೆದು, ಮೊದ್ಲು ತುಕ್ಕು ತಡೆಯೋ ಕೆಂಪು ಬಳಿ. ಅದು ಒಣಗಿದ ಮ್ಯಾಲೆ ನಿನ್ನ ಬಣ್ಣ. ಅಗೋ, ಇಲ್ಲೊಂದು ಎದ್ದದೆ! ಅಲ್ಲೊಂದು!"

ಇಬ್ಬರೂ ಸೇರಿ ಕೆರೆದರು, ಬಳಿದರು. ಮಧ್ಯಾಹ್ನಕ್ಕೆ ಮೋಟಾರಿನ ಮೈತುಂಬ ಕೆಂಪು ಚುಕ್ಕೆಗಳೆದ್ದಿದ್ದವು. ಸಂಜೀವಪ್ಪ ಹಿಂದೆ ಸರಿದು ನೋಡಿದ. ಗಾಡಿಗಿಂತ ತನ್ನ ಮುಖವೇ ವಾಸಿ ಎಂದು ಅವನಿಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

ನೀರಿಗೆ ಹೊರಟಿದ್ದ ಕೇರಿಯ ಹಿರಿಯಳು ಅಮ್ಮಯಮ್ಮ ಗಾಡಿ ನೋಡಿ ಕೊಡ ಇಳಿಸಿ ಕೈಮುಗಿದಳು.

"ಅಯ್ಯೋ ನಮ್ಮವ್ವಾ! ದೇವಿ ಹಾಕೋ ಗಾಡಿಗೇ ದೇವಿ ಬಂದ್ಬಿಟ್ಟವ್ಳೆ!"

"ಅಜ್ಜೀ, ಅದು ಬಣ್ಣ."

"ಬಾಯ್ಮುಚ್ಚು! ಮೈಯೆಲ್ಲ ಎದ್ದಿರೋದು ನಂಗೆ ಕಾಣಾಕಿಲ್ವಾ?"

ಕೆನೆಬಣ್ಣ ಬಳಿದು ತೋರಿಸೋಣವೆಂದು ಸಂಜೀವಪ್ಪ ಬ್ರಷ್ ಎತ್ತಿದ. ಅವಳು ಅದನ್ನು ಕಿತ್ತುಕೊಂಡಳು. "ಅಮ್ಮ ಬಂದಿರೋ ಮನೆಗೆ ಸುಣ್ಣಬಣ್ಣ ಬಳೀತಾರೇನ್ಲಾ? ಬುದ್ಧಿ ಬ್ಯಾಡ್ವಾ?"

"ನಾನೂ ಬೆಳಗಿಂದ ಅದ್ನೇ ಬಡ್ಕೊಂಡೆ," ಎಂದ ಬೈಲಪ್ಪ.

ಅರ್ಧ ಗಂಟೆಯಲ್ಲಿ ಕೇರಿಯ ಹೆಂಗಸರೆಲ್ಲ ನೆರೆದರು. ಕನ್ನಡಿಗೆ ಬೇವಿನ ಸೊಪ್ಪು ಕಟ್ಟಿದರು, ಚಕ್ರಗಳಿಗೆ ಅರಿಶಿನದ ನೀರು ಚಿಮುಕಿಸಿದರು. ಬಣ್ಣದ ಡಬ್ಬಿಯ ಮೇಲೆ ಅಮ್ಮಯಮ್ಮ ಕೂತಳು. ಅವಳನ್ನು ಎಬ್ಬಿಸುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಡಾಕ್ಟರ ಜೀಪು ಬಂತು.

"ಏನಯ್ಯಾ ಇದು, ಇಷ್ಟೊಂದು ಜನ?"

ಭಯಕ್ಕೆ ಸಂಜೀವಪ್ಪನ ಬಾಯಿಂದ ಸುಳ್ಳು ಜಾರಿತು. "ದೇವಿ ಹಾಕಿಸ್ಕೊಳ್ಳೋಕೆ ಬಂದವ್ರೆ, ಸಾರ್."

"ಭೇಷ್! ಮತ್ತೇನು ಕಾಯ್ತಿದೀಯ?"

ಇನ್ನು ತನ್ನ ಕತೆ ಮುಗಿಯಿತೆಂದು ಅವನು ಕಣ್ಣುಮುಚ್ಚಿದ. ತೆರೆದಾಗ ಅಮ್ಮಯಮ್ಮನ ತೋಳು ಅವನ ಮೂಗಿನ ಮುಂದಿತ್ತು.

"ಇಷ್ಟು ದಿನ ನೀನು ಹಾಕ್ತೀನಿ ಅಂತಿದ್ದೆ, ಯಾರು ನಂಬ್ತಾರೆ? ಈಗ ಅವ್ಳೇ ಬಂದವ್ಳೆ. ಹಾಕಪ್ಪ."

ಸಂಜೆಯ ಹೊತ್ತಿಗೆ ಅರವತ್ತಮೂರು ತೋಳುಗಳಾದವು. ಸಂಜೀವಪ್ಪ ಮನಸ್ಸಿನಲ್ಲೇ ವಿಜಯಪುರ ಮುಟ್ಟಿ, ಅತ್ತೆಮನೆಯ ಬಾಗಿಲು ತಟ್ಟಿದ್ದ.

ಡಾಕ್ಟರು ಅವನ ಬೆನ್ನು ತಟ್ಟಿದರು. "ನಿನ್ನಂಥವನನ್ನ ವಿಜಯಪುರಕ್ಕೆ ಯಾವನಯ್ಯಾ ಬಿಡ್ತಾನೆ? ಹೊಸಕೋಟೆ ತಾಲ್ಲೂಕಿನ ಹಳ್ಳಿ ಎಲ್ಲ ಮುಗಿಯೋವರೆಗೂ ನೀನು ಇಲ್ಲೇ. ಗಾಡಿಯ ಒಂದು ಚುಕ್ಕೆನೂ ಅಳಿಸಬೇಡ!"

ಜೀಪು ಹೋಯಿತು. ಸಂಜೀವಪ್ಪ ಗಾಡಿಯ ಮೆಟ್ಟಿಲ ಮೇಲೆ ಕುಸಿದ. ಅಮ್ಮಯಮ್ಮ ಎಲೆಯಲ್ಲಿ ಮೊಸರನ್ನ ತಂದಿಟ್ಟು, "ಯಾಕಪ್ಪಾ ಮಂಕಾಗಿದೀಯ?" ಎಂದಳು.

"ಏನಿಲ್ಲಜ್ಜೀ. ನಾನಂತೂ ಹೋಗೋ ಹಾಗಿಲ್ಲ. ನಾಳೆ ಹೆಂಡ್ತೀನೇ ಇಲ್ಲಿಗೆ ಕರ್ಕೊಂಡು ಬರ್ತೀನಿ. ಒಳಗೆ ಇಬ್ಬರಿಗೆ ಜಾಗ ಐತೆ."

ಅಮ್ಮಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು.

"ಶಿವಶಿವಾ! ಅಮ್ಮ ಇಳಿಯೋಗಂಟ ಆ ಮನೇಲಿ ಗಂಡಹೆಂಡ್ತಿ ಒಟ್ಟಿಗೆ ಇರಂಗಿಲ್ಲ ಕಣಪ್ಪಾ!"